ಮತ್ತೊಮ್ಮೆ ಒತ್ತುವ ಮುನ್ನ

ಮೊಬೈಲ್ ಆ್ಯಪ್ ಕೇಳಿದ್ದಕ್ಕೆ ಉತ್ತರ ಬಾರದಿದ್ದರೆ ಅದು ಮತ್ತೆ ಕೇಳುತ್ತದೆ. ಎಷ್ಟು ಸಲ ಕೇಳಬೇಕು, ಎಷ್ಟು ಹೊತ್ತು ಬಿಟ್ಟು ಕೇಳಬೇಕು, ಯಾವಾಗ ಸುಮ್ಮನಾಗಬೇಕು? ಫೀ ಕಟ್ಟುವ ತಂದೆತಾಯಿಗೂ, ನಾಳೆ ಆ್ಯಪ್ ಬರೆಯಲಿರುವ ವಿದ್ಯಾರ್ಥಿಗೂ ಗೊತ್ತಿರಬೇಕಾದ ವಿದ್ಯೆ ಇದು.

2025ರ ಏಪ್ರಿಲ್ 12, ಶನಿವಾರ. ದೇಶದ ಉದ್ದಗಲಕ್ಕೂ ಅಂಗಡಿ, ಹೋಟೆಲು, ಪೆಟ್ರೋಲ್ ಬಂಕುಗಳಲ್ಲಿ ಜನ ಮೊಬೈಲು ಹಿಡಿದು ಪೇಚಾಡುತ್ತಿದ್ದರು. ಯುಪಿಐ ಮೂಲಕ ಹಣ ಹೋಗುತ್ತಿರಲಿಲ್ಲ. ಹಲವು ಗಂಟೆಗಳ ಕಾಲ ಈ ಪರದಾಟ ನಡೆಯಿತು. ಅದಕ್ಕೆ ಹದಿನೇಳು ದಿನ ಮೊದಲು, ಮಾರ್ಚ್ 26ರಂದು, ಇಂಥದ್ದೇ ತೊಡಕು ಆಗಿತ್ತು.

ಏಪ್ರಿಲ್ 12ರ ಅವಾಂತರಕ್ಕೆ ಕಾರಣ ಹುಡುಕಿದಾಗ ಕಳ್ಳರ ಕೈವಾಡವೇನೂ ಕಾಣಲಿಲ್ಲ, ಎಲ್ಲೂ ಕೇಬಲ್ ತುಂಡಾಗಿರಲಿಲ್ಲ. ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ಕಂಡುಕೊಂಡ ಸಂಗತಿ ಬೇರೆಯೇ ಆಗಿತ್ತು. ‘ಆ ವ್ಯವಹಾರ ಏನಾಯಿತು?’ ಎಂದು ವಿಚಾರಿಸುವ ಸಂದೇಶಗಳು ಕೆಲವು ಬ್ಯಾಂಕುಗಳ ಕಂಪ್ಯೂಟರುಗಳಿಂದ ಪ್ರವಾಹದಂತೆ ಹರಿದು ಬಂದಿದ್ದವು. ಹಳೆಯ ವ್ಯವಹಾರಗಳ ಬಗ್ಗೆಯೂ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಲಾಗಿತ್ತು. ಹಣ ಸಾಗಿಸಬೇಕಾದ ವ್ಯವಸ್ಥೆ ಪ್ರಶ್ನೆಗಳಿಗೆ ಉತ್ತರ ಕೊಡುವುದರಲ್ಲೇ ಸುಸ್ತಾಯಿತು.

ಉತ್ತರ ಬರಲಿಲ್ಲವೆಂದು ಮತ್ತೊಮ್ಮೆ ಕೇಳುವುದು ತೀರಾ ಸಹಜವಾದ, ನಿರುಪದ್ರವಿ ಎನಿಸುವ ಕೆಲಸ. ಆದರೆ ಕೋಟಿಗಟ್ಟಲೆ ಯಂತ್ರಗಳು ಕೂಡಿ ಅದನ್ನು ಮಾಡಿದಾಗ ದೇಶದ ವ್ಯಾಪಾರವೇ ನಿಂತುಬಿಡಬಹುದು. ಕಾಲೇಜಿನ ಫೀ, ಪ್ರವೇಶ ಪರೀಕ್ಷೆಯ ಅರ್ಜಿ, ವಿದ್ಯಾರ್ಥಿವೇತನ, ಹಾಸ್ಟೆಲ್ ಬಾಡಿಗೆ ಎಲ್ಲವೂ ಅಂಗೈಯಗಲದ ಪರದೆಯ ಮೂಲಕವೇ ನಡೆಯುತ್ತಿರುವ ಈ ದಿನಗಳಲ್ಲಿ, ‘ಮತ್ತೆ ಪ್ರಯತ್ನಿಸಿ’ ಎಂಬ ಪುಟ್ಟ ಗುಂಡಿಯ ಹಿಂದೆ ಏನಿದೆ ಎಂದು ತಿಳಿಯುವುದು ಒಳ್ಳೆಯದು.

ಮೌನಕ್ಕೆ ಎರಡು ಅರ್ಥ

ಮನಿಯಾರ್ಡರ್ ಕಾಲವನ್ನು ನೆನಪಿಸಿಕೊಳ್ಳಿ. ಹಳ್ಳಿಯ ತಂದೆ ಮೈಸೂರಿನ ಹಾಸ್ಟೆಲಿನಲ್ಲಿದ್ದ ಮಗನಿಗೆ ಹಣ ಕಳಿಸುತ್ತಿದ್ದರು. ಕೆಲವು ದಿನಗಳ ನಂತರ ಮಗನ ಸಹಿಯಿದ್ದ ಸ್ವೀಕೃತಿ ಚೀಟಿ ಅಂಚೆಯಣ್ಣನ ಕೈಯಲ್ಲಿ ವಾಪಸು ಬರುತ್ತಿತ್ತು. ಚೀಟಿ ಬಂತೆಂದರೆ ನೆಮ್ಮದಿ. ಬಾರದಿದ್ದರೆ?

ಹಣವೇ ದಾರಿಯಲ್ಲಿ ತಪ್ಪಿಹೋಗಿರಬಹುದು. ಅಥವಾ ಹಣ ಮಗನ ಕೈಸೇರಿ, ಚೀಟಿ ಮಾತ್ರ ತಪ್ಪಿಹೋಗಿರಬಹುದು. ಹಳ್ಳಿಯಲ್ಲಿ ಕುಳಿತ ತಂದೆಗೆ ಎರಡೂ ಒಂದೇ ರೀತಿ ಕಾಣುತ್ತವೆ. ಇನ್ನೊಂದು ಸಾಧ್ಯತೆಯೂ ಉಂಟು: ಹಣ ಇನ್ನೂ ದಾರಿಯಲ್ಲೇ ಇರಬಹುದು. ಹಾಗೆಂದು ಯಾವ ತಂದೆಯೂ ಮರುದಿನವೇ ಇನ್ನೊಂದು ಮನಿಯಾರ್ಡರ್ ಮಾಡುತ್ತಿರಲಿಲ್ಲ. ಅಂಚೆ ಕಚೇರಿಗೆ ರಸೀದಿ ಒಯ್ದು, ಅದರ ನಂಬರ್ ತೋರಿಸಿ ವಿಚಾರಿಸುತ್ತಿದ್ದರು.

ಮೊಬೈಲಿನಲ್ಲೂ ನಡೆಯುವುದು ಇದೇ. ಆ್ಯಪ್ ಒಂದು ಕೋರಿಕೆ ಕಳಿಸುತ್ತದೆ. ಅದು ರೇಡಿಯೊ ತರಂಗವಾಗಿ ಟವರ್ ಮುಟ್ಟಿ, ಅಲ್ಲಿಂದ ಕೇಬಲ್ಲುಗಳ ಮೂಲಕ ದೂರದ ಸರ್ವರ್‌ಗೆ ತಲುಪುತ್ತದೆ. ಕೆಲಸ ಮುಗಿದ ಮೇಲೆ ಉತ್ತರ ಹಾಗೇ ಮರಳಬೇಕು. ಹೋಗುವಾಗಲೂ ತಪ್ಪಬಹುದು, ಬರುವಾಗಲೂ ತಪ್ಪಬಹುದು. ಆ್ಯಪ್ ಇಂತಿಷ್ಟು ಸೆಕೆಂಡು ಎಂದು ಗಡುವು ಇಟ್ಟುಕೊಂಡು ಕಾಯುತ್ತದೆ. ಗಡುವು ಮೀರಿದರೆ ‘ವಿಫಲವಾಯಿತು’ ಎಂದು ಬರೆದು ತೋರಿಸುತ್ತದೆ. ನಿಜಕ್ಕೂ ಆ ಕ್ಷಣದಲ್ಲಿ ಅದಕ್ಕೆ ಗೊತ್ತಿರುವುದು ‘ಉತ್ತರ ಬರಲಿಲ್ಲ’ ಎಂಬುದಷ್ಟೇ. ಕೆಲಸ ಆಗಿಲ್ಲ ಎಂಬುದಕ್ಕೆ ಅದರ ಬಳಿ ಸಾಕ್ಷಿಯೇನೂ ಇರುವುದಿಲ್ಲ. ಒಂದೇ ಫೀ ಎರಡು ಸಲ ಕಟ್ಟಿ ಪರಿತಪಿಸುವುದರ ಮೂಲ ಇರುವುದು ಇಲ್ಲಿ.

ಕೇಳಿ ಪ್ರಯೋಜನ ಉಂಟೆ?

ಹಾಗಾದರೆ ಮತ್ತೆ ಕೇಳುವುದೇ ಬೇಡವೆ? ಹಾಗಲ್ಲ. ರೇಡಿಯೊ ಸಂಪರ್ಕ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಬಸ್ಸು ಒಂದು ಟವರಿನ ವ್ಯಾಪ್ತಿಯಿಂದ ಇನ್ನೊಂದಕ್ಕೆ ದಾಟುವಾಗ, ಲಿಫ್ಟಿನ ಬಾಗಿಲು ಮುಚ್ಚಿದಾಗ, ಜಾತ್ರೆಯ ಜನಜಂಗುಳಿಯಲ್ಲಿ ಸಂದೇಶಗಳು ಬೀಳುತ್ತವೆ. ಇಂಥ ಕಡೆ ಎರಡನೆಯ ಪ್ರಯತ್ನ ಸಾಮಾನ್ಯವಾಗಿ ಫಲಿಸುತ್ತದೆ.

ಪಿಯುಸಿ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಒಂದು ಪ್ರಯತ್ನ ವಿಫಲವಾಗುವ ಸಂಭವನೀಯತೆ ಹತ್ತರಲ್ಲಿ ಒಂದು ಎಂದುಕೊಳ್ಳಿ. ಮೂರು ಪ್ರಯತ್ನಗಳೂ ವಿಫಲವಾಗುವ ಸಂಭವನೀಯತೆ 0.1 × 0.1 × 0.1, ಅಂದರೆ ಸಾವಿರದಲ್ಲಿ ಒಂದು. ಬಹಳ ಅಗ್ಗದ ವಿಮೆ! ಆದರೆ ಈ ಗುಣಾಕಾರಕ್ಕೆ ಒಂದು ಷರತ್ತಿದೆ. ಮೂರು ಪ್ರಯತ್ನಗಳೂ ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳಾಗಿರಬೇಕು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಘಟ್ಟ ಇಳಿಯುವ ರೈಲು ಮಾರ್ಗದಲ್ಲಿ 57 ಸುರಂಗಗಳಿವೆ. ರೈಲು ಸುರಂಗದೊಳಗಿರುವಾಗ ಸೆಕೆಂಡಿಗೊಮ್ಮೆಯಂತೆ ಮೂವತ್ತು ಸಲ ಕೇಳಿದರೂ ಮೂವತ್ತೂ ಸಲ ಉತ್ತರ ಇಲ್ಲ. ಏಕೆಂದರೆ ಅವೆಲ್ಲಕ್ಕೂ ಕಾರಣ ಒಂದೇ. ಬ್ಯಾಟರಿ ಖಾಲಿಯಾದದ್ದಷ್ಟೇ ಲಾಭ. ಜಾಣ ಆ್ಯಪ್ ಇಂಥ ಕಡೆ ಕೋರಿಕೆಯನ್ನು ಫೋನಿನಲ್ಲೇ ಬರೆದಿಟ್ಟುಕೊಂಡು, ಸಂಪರ್ಕ ಮರಳಿತೆಂದು ಫೋನು ಸೂಚಿಸಿದ ಮೇಲೆ ಕಳಿಸುತ್ತದೆ. ಆಂಡ್ರಾಯ್ಡ್ ಫೋನುಗಳ ಆ್ಯಪ್‌ಗಳಿಗೆಂದು ಗೂಗಲ್ 2018ರಲ್ಲಿ ಪರಿಚಯಿಸಿದ ವರ್ಕ್‌ಮ್ಯಾನೇಜರ್ ಎಂಬ ಸಲಕರಣೆ ಈ ಕೆಲಸಕ್ಕೇ ಇದೆ. ಕೆಲಸ ಕೆಟ್ಟರೆ ಅದು ಮೊದಲು 30 ಸೆಕೆಂಡು ಕಾಯುತ್ತದೆ. ನಂತರ ಕಾಯುವ ಹೊತ್ತನ್ನು ಇಮ್ಮಡಿಸುತ್ತ ಹೋಗಿ, ಹೆಚ್ಚೆಂದರೆ 5 ಗಂಟೆಗೆ ನಿಲ್ಲಿಸುತ್ತದೆ.

ಸರ್ವರ್ ಕೊಡುವ ಉತ್ತರವನ್ನೂ ಆ್ಯಪ್ ಓದಬೇಕು. ವೆಬ್‌ನಲ್ಲಿ ಉತ್ತರಗಳಿಗೆ ಮೂರಂಕಿಯ ಸಂಖ್ಯೆಗಳಿವೆ. 404 ಎಂದರೆ ‘ನೀವು ಕೇಳಿದ್ದು ಇಲ್ಲಿಲ್ಲ’, 401 ಎಂದರೆ ‘ನೀವು ಯಾರೆಂದು ತಿಳಿಸಿಲ್ಲ’. ಇಂಥವನ್ನು ನೂರು ಸಲ ಕೇಳಿದರೂ ಉತ್ತರ ಬದಲಾಗದು. 503 ಎಂದರೆ ‘ಸದ್ಯ ಆಗದು, ಆಮೇಲೆ ಬನ್ನಿ’. 429 ಎಂದರೆ ‘ಅತಿಯಾಗಿ ಕೇಳುತ್ತಿದ್ದೀರಿ’! ಈ ಎರಡಕ್ಕೆ ಮಾತ್ರ ಮತ್ತೆ ಕೇಳುವುದರಲ್ಲಿ ಅರ್ಥವಿದೆ, ಅದೂ ತಡೆದು. ಎಷ್ಟು ಸೆಕೆಂಡು ಬಿಟ್ಟು ಬರಬೇಕೆಂದು ಹೇಳುವ ಸೌಲಭ್ಯವೂ ಸರ್ವರಿಗೆ ಉಂಟು. ಹೇಳಿದ್ದನ್ನು ಕೇಳುವ ವಿನಯ ಆ್ಯಪ್‌ಗೆ ಇರಬೇಕಷ್ಟೆ.

ಹವಾಯಿ ದ್ವೀಪಗಳಿಂದ ಬಂದ ಪಾಠ

‘ತಡೆದು ಕೇಳು’ ಎಂಬ ಈ ನೀತಿ ಮೊಬೈಲಿಗಿಂತ ಎಷ್ಟೋ ಹಳೆಯದು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಏಬ್ರಮ್‌ಸನ್ ಮತ್ತು ಸಂಗಡಿಗರು ದ್ವೀಪಗಳಲ್ಲಿ ಚದುರಿದ್ದ ಕಂಪ್ಯೂಟರ್ ಟರ್ಮಿನಲ್ಲುಗಳನ್ನು ರೇಡಿಯೊ ಮೂಲಕ ಒಂದು ಮುಖ್ಯ ಕಂಪ್ಯೂಟರಿಗೆ ಜೋಡಿಸಿದರು. ವ್ಯವಸ್ಥೆಯ ಹೆಸರು ಅಲೋಹಾನೆಟ್. ಎಲ್ಲ ಟರ್ಮಿನಲ್ಲುಗಳೂ ಒಂದೇ ತರಂಗಾಂತರದಲ್ಲಿ ಮಾತಾಡುತ್ತಿದ್ದುದರಿಂದ ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಎರಡು ಮಾತೂ ಕಲಸಿಹೋಗುತ್ತಿದ್ದವು. ಮಾತು ತಲುಪಿದ್ದಕ್ಕೆ ಮುಖ್ಯ ಕಂಪ್ಯೂಟರು ಸ್ವೀಕೃತಿ ಕಳಿಸುತ್ತಿತ್ತು. ಸ್ವೀಕೃತಿ ಬಾರದಿದ್ದರೆ ಟರ್ಮಿನಲ್ ಮತ್ತೆ ಹೇಳಬೇಕು.

ತಕ್ಷಣ ಹೇಳಿದರೆ ಏನಾಗುತ್ತದೆ? ಇಬ್ಬರೂ ತಕ್ಷಣವೇ ಹೇಳುತ್ತಾರೆ, ಮತ್ತೆ ಡಿಕ್ಕಿ! ಇಕ್ಕಟ್ಟಾದ ಓಣಿಯಲ್ಲಿ ಎದುರಾದ ಇಬ್ಬರು ಒಂದೇ ಸಲಕ್ಕೆ ಎಡಕ್ಕೆ, ಒಂದೇ ಸಲಕ್ಕೆ ಬಲಕ್ಕೆ ಸರಿದು ದಾರಿ ಕಟ್ಟಿಕೊಂಡಂತೆ. ಏಬ್ರಮ್‌ಸನ್ ಬಳಗದ ಪರಿಹಾರ ಸರಳವಾಗಿತ್ತು. ಪ್ರತಿ ಟರ್ಮಿನಲ್ಲೂ ಚೀಟಿ ಎತ್ತಿದಂತೆ ತನಗೆ ತೋಚಿದಷ್ಟು ಹೊತ್ತು ಕಾದು ಕಳಿಸಬೇಕು. ಇಬ್ಬರಿಗೂ ಒಂದೇ ಚೀಟಿ ಬರುವುದು ಅಪರೂಪವಲ್ಲವೆ?

ಅಮೆರಿಕದ ಝೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ಈಥರ್‌ನೆಟ್ಟನ್ನು ರೂಪಿಸಿದ ರಾಬರ್ಟ್ ಮೆಟ್‌ಕಾಫ್ ಇದೇ ಉಪಾಯವನ್ನು ಮುಂದುವರಿಸಿದರು. ಮುಂದೆ ನಿಯಮವಾಗಿ ನೆಲೆನಿಂತ ಕ್ರಮ ಹೀಗಿದೆ: ಮೊದಲ ಡಿಕ್ಕಿಯ ನಂತರ ಕಾಯುವ ಹೊತ್ತಿನ ಚೀಟಿಯನ್ನು 0 ಮತ್ತು 1ರಿಂದ ಎತ್ತಬೇಕು. ಎರಡನೆಯ ಡಿಕ್ಕಿಯ ನಂತರ 0ಯಿಂದ 3ರವರೆಗೆ, ಮೂರನೆಯದಕ್ಕೆ 0ಯಿಂದ 7ರವರೆಗೆ. ಹೀಗೆ ಇಮ್ಮಡಿಯಾಗುತ್ತ ಹತ್ತನೆಯ ಡಿಕ್ಕಿಗೆ 1023 ಮುಟ್ಟಿ ಅಲ್ಲಿಗೆ ನಿಲ್ಲುತ್ತದೆ. 16 ಪ್ರಯತ್ನಗಳಾದರೂ ಆಗದಿದ್ದರೆ ಕೈಚೆಲ್ಲಿ, ‘ಆಗಲಿಲ್ಲ’ ಎಂದು ಒಪ್ಪಿಕೊಳ್ಳಬೇಕು. ಸಂತೆಯಲ್ಲಿ ಗದ್ದಲ ಹೆಚ್ಚಿದಷ್ಟೂ ಪ್ರತಿಯೊಬ್ಬರೂ ಹೆಚ್ಚು ಹೊತ್ತು ಸುಮ್ಮನಿರುವುದೇ ಇದರ ಗುಟ್ಟು.

ಈ ಸಂಯಮವಿಲ್ಲದಿದ್ದರೆ ಏನಾಗುತ್ತದೆಂದು ಇಂಟರ್ನೆಟ್ಟು 1986ರ ಅಕ್ಟೋಬರಿನಲ್ಲಿ ಕಲಿಯಿತು. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಅಲ್ಲಿನ ವಿಶ್ವವಿದ್ಯಾಲಯಕ್ಕೂ ನಡುವೆ 400 ಗಜ ದೂರ. ಆ ದಾರಿಯಲ್ಲಿ ಸೆಕೆಂಡಿಗೆ 32 ಸಾವಿರ ಬಿಟ್‌ಗಳಂತೆ ಹರಿಯುತ್ತಿದ್ದ ಮಾಹಿತಿ 40 ಬಿಟ್‌ಗಳಿಗೆ ಇಳಿಯಿತು. ಅಂದರೆ ಸೆಕೆಂಡಿಗೆ ಐದು ಇಂಗ್ಲಿಷ್ ಅಕ್ಷರ. ನಡೆದುಹೋಗಿ ಕಾಗದ ಕೊಟ್ಟು ಬರುವುದೇ ವಾಸಿ ಎನ್ನುವ ಸ್ಥಿತಿ. ಕಂಪ್ಯೂಟರುಗಳು ಇನ್ನೂ ಸರದಿಯಲ್ಲಿ ನಿಂತಿದ್ದ ಸಂದೇಶಗಳನ್ನು ಕಳೆದುಹೋದವೆಂದು ಭಾವಿಸಿ ಮತ್ತೆ ಮತ್ತೆ ಕಳಿಸುತ್ತಿದ್ದವು. ಅದರಿಂದ ಸರದಿ ಇನ್ನಷ್ಟು ಬೆಳೆಯುತ್ತಿತ್ತು, ಬೆಳೆದಂತೆಲ್ಲ ಅವು ಇನ್ನಷ್ಟು ಕಳಿಸುತ್ತಿದ್ದವು. ವಾನ್ ಜೇಕಬ್‌ಸನ್ ಮತ್ತು ಮೈಕೆಲ್ ಕ್ಯಾರೆಲ್ಸ್ 1988ರಲ್ಲಿ ಪ್ರಕಟಿಸಿದ ಪರಿಹಾರ ಇಂದಿಗೂ ಇಂಟರ್ನೆಟ್ಟನ್ನು ಕಾಯುತ್ತಿದೆ. ಉತ್ತರ ಬರಲು ಸಾಮಾನ್ಯವಾಗಿ ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುತ್ತಿರಬೇಕು; ಸಂದೇಶ ಕಳೆದುಹೋದರೆ ‘ದಾರಿ ತುಂಬಿದೆ’ ಎಂದು ತಿಳಿದು ವೇಗ ತಗ್ಗಿಸಬೇಕು.

ಎಲ್ಲರೂ ಒಟ್ಟಿಗೆ ಬಂದರೆ

ಈ ಕಾವಲು ಇರುವುದು ಸಂದೇಶಗಳನ್ನು ಸಾಗಿಸುವ ಕೆಳಹಂತದಲ್ಲಿ. ಅದರ ಮೇಲೆ ಕುಳಿತ ಆ್ಯಪ್ ತಾನೇ ಹೊಸ ಕೋರಿಕೆಗಳನ್ನು ಹುಟ್ಟಿಸುತ್ತಿದ್ದರೆ ತಡೆಯುವವರಿಲ್ಲ. ಆದ್ದರಿಂದ ಹಳೆಯ ಪಾಠವನ್ನು ಆ್ಯಪ್ ಬರೆಯುವವರೂ ಕಲಿಯಬೇಕಾಯಿತು.

ಪರೀಕ್ಷೆಯ ಫಲಿತಾಂಶ ಬೆಳಿಗ್ಗೆ 10ಕ್ಕೆ ಪ್ರಕಟವಾಗುತ್ತದೆ ಎಂದುಕೊಳ್ಳಿ. ಲಕ್ಷ ಫೋನುಗಳು ಏಕಕಾಲಕ್ಕೆ ಕೇಳುತ್ತವೆ, ಸರ್ವರ್ ಕುಸಿಯುತ್ತದೆ. ಎಲ್ಲ ಆ್ಯಪ್‌ಗಳೂ ‘1 ಸೆಕೆಂಡು, ಆಮೇಲೆ 2, ಆಮೇಲೆ 4, 8, 16’ ಎಂದು ಶಿಸ್ತಾಗಿ ಕಾಯುತ್ತವೆ. ಆದರೆ ಲಕ್ಷ ಫೋನುಗಳೂ ಒಂದೇ ಲೆಕ್ಕ ಹಾಕುವುದರಿಂದ 1ನೇ ಸೆಕೆಂಡಿಗೆ ಲಕ್ಷವೂ ಮರಳುತ್ತವೆ, 3ನೇ ಸೆಕೆಂಡಿಗೆ ಮತ್ತೆ ಲಕ್ಷ, 7ನೇ ಸೆಕೆಂಡಿಗೆ ಮತ್ತೆ ಲಕ್ಷ. ಏಳಲು ಹೊರಟ ಸರ್ವರಿಗೆ ಪ್ರತಿ ಸಲವೂ ತಲೆಯ ಮೇಲೆ ಪೆಟ್ಟು. ಇಲ್ಲಿ ಹವಾಯಿಯ ಚೀಟಿ ಎತ್ತುವ ಉಪಾಯ ಮತ್ತೆ ನೆರವಿಗೆ ಬರುತ್ತದೆ. ‘8 ಸೆಕೆಂಡು ಕಾಯಿ’ ಎನ್ನುವ ಬದಲು ‘0ಯಿಂದ 8ರೊಳಗೆ ನಿನಗೆ ಬಂದ ಚೀಟಿಯಷ್ಟು ಕಾಯಿ’ ಎಂದರೆ ಲಕ್ಷ ಕೋರಿಕೆಗಳು ಎಂಟು ಸೆಕೆಂಡಿನ ಉದ್ದಕ್ಕೂ ಹರಡಿಕೊಳ್ಳುತ್ತವೆ.

ಮನುಷ್ಯರೂ ಯಂತ್ರದಂತೆಯೇ. 2021ರ ಏಪ್ರಿಲ್ 28ರ ಸಂಜೆ 4ಕ್ಕೆ 18 ವರ್ಷ ಮೇಲ್ಪಟ್ಟವರ ಕೋವಿಡ್ ಲಸಿಕೆ ನೋಂದಣಿ ತೆರೆದಾಗ ಕೋವಿನ್ ತಾಣವೂ ಆರೋಗ್ಯ ಸೇತು ಆ್ಯಪ್ ಕೂಡ ಆರಂಭದಲ್ಲಿ ತಡವರಿಸಿದವು. ಆದರೂ ಆ ಒಂದೇ ದಿನ ಒಂದು ಕೋಟಿಗೂ ಹೆಚ್ಚು ಜನ ಹೆಸರು ನೋಂದಾಯಿಸಿದರು. ಇಂಥ ಗಳಿಗೆಯಲ್ಲಿ ಪುಟವನ್ನು ಪದೇ ಪದೇ ಹೊಸದಾಗಿ ತೆರೆಯುವ ಪ್ರತಿ ಬೆರಳೂ ಸರದಿಯನ್ನು ಉದ್ದ ಮಾಡುತ್ತದೆ.

ಇನ್ನೊಂದು ಅಪಾಯ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. ಪಾವತಿಯ ಕೋರಿಕೆ ಆ್ಯಪ್‌ನಿಂದ ಕಂಪನಿಯ ಸರ್ವರಿಗೆ, ಅಲ್ಲಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಮುಖ್ಯ ವ್ಯವಸ್ಥೆಗೆ ಹೋಗುತ್ತದೆನ್ನಿ. ಪ್ರತಿ ಹಂತದವರೂ ‘ಮೂರು ಸಲ ಪ್ರಯತ್ನಿಸೋಣ’ ಎಂದು ನಿರ್ಧರಿಸಿದರೆ ಕೊನೆಯ ಹಂತಕ್ಕೆ ಬೀಳುವ ಹೊರೆ 3 × 3 × 3, ಅಂದರೆ ಒಂದು ಪಾವತಿಗೆ 27 ಕೋರಿಕೆ! ಬಳಕೆದಾರ ತಾಳ್ಮೆಗೆಟ್ಟು ಮೂರು ಸಲ ಗುಂಡಿ ಒತ್ತಿದರೆ 81. ಆದ್ದರಿಂದ ಮತ್ತೆ ಪ್ರಯತ್ನಿಸುವ ಹೊಣೆ ಯಾವುದಾದರೂ ಒಂದೇ ಹಂತಕ್ಕೆ ಇರಲಿ ಎಂಬುದು ಅನುಭವಿಗಳ ಮಾತು.

ಯುಪಿಐ ಪ್ರಕರಣದ ನಂತರ ಬಂದ ನಿಯಮಗಳಲ್ಲಿ ಈ ತಿಳಿವಳಿಕೆಯೇ ಕಾಣುತ್ತದೆ. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ಕ್ರಮದ ಪ್ರಕಾರ ಒಂದು ವ್ಯವಹಾರ ಏನಾಯಿತೆಂದು 3 ಸಲಕ್ಕಿಂತ ಹೆಚ್ಚು ಕೇಳುವಂತಿಲ್ಲ; ಒಂದು ಸಲಕ್ಕೂ ಇನ್ನೊಂದಕ್ಕೂ ಕನಿಷ್ಠ 90 ಸೆಕೆಂಡು ಅಂತರವಿರಬೇಕು. ಖಾತೆಯಲ್ಲಿ ಉಳಿದ ಹಣವನ್ನು ಒಂದು ಆ್ಯಪ್‌ನಿಂದ ದಿನಕ್ಕೆ 50 ಸಲ ಮಾತ್ರ ನೋಡಬಹುದು.

ಎರಡು ಸಲ ಕೇಳಿದರೂ ಒಂದೇ ಸಲ

ಕಾಯುವುದನ್ನು ಕಲಿತದ್ದಾಯಿತು. ಆದರೆ ತಂದೆಯ ಮೊದಲ ಪ್ರಶ್ನೆ ಹಾಗೇ ಉಳಿದಿದೆ: ಹಣ ತಲುಪಿ, ಚೀಟಿ ಮಾತ್ರ ಕಳೆದುಹೋಗಿದ್ದರೆ?

ಇದಕ್ಕೆ ಉತ್ತರ ಬೀಜಗಣಿತದಲ್ಲಿದೆ. 1ನ್ನು 1ರಿಂದ ಗುಣಿಸಿದರೆ 1. ಮತ್ತೆ ಗುಣಿಸಿದರೂ 1. ಮತ್ತೆ ಮತ್ತೆ ಮಾಡಿದರೂ ಫಲ ಬದಲಾಗದ ಈ ಗುಣಕ್ಕೆ ಅಮೆರಿಕದ ಗಣಿತಜ್ಞ ಬೆಂಜಮಿನ್ ಪಿಯರ್ಸ್ 1870ರಲ್ಲಿ ‘ಐಡೆಂಪೊಟೆಂಟ್’ ಎಂಬ ಹೆಸರಿಟ್ಟರು. ಕಂಪ್ಯೂಟರ್ ಲೋಕ ಆ ಪದವನ್ನು ಎರವಲು ತಂದಿತು. ಹಾಜರಿ ಪುಸ್ತಕದಲ್ಲಿ ‘ಸೋಮವಾರ: ಹಾಜರು’ ಎಂದು ಬರೆಯಲು ಮೇಷ್ಟ್ರಿಗೆ ಎರಡು ಸಲ ಹೇಳಿದರೂ ತೊಂದರೆಯಿಲ್ಲ. ‘ಒಟ್ಟು ಹಾಜರಿಗೆ ಒಂದು ಸೇರಿಸಿ’ ಎಂದು ಎರಡು ಸಲ ಹೇಳಿದರೆ ಲೆಕ್ಕ ತಪ್ಪುತ್ತದೆ. ಅಂಕಪಟ್ಟಿ ನೋಡುವುದು ಮೊದಲನೆಯ ಬಗೆ, ಎಷ್ಟು ಸಲವಾದರೂ ಕೇಳಬಹುದು. ‘ಖಾತೆಯಿಂದ 5,000 ರೂಪಾಯಿ ಕಳೆ’ ಎಂಬುದು ಎರಡನೆಯ ಬಗೆ.

ಎರಡನೆಯ ಬಗೆಯದನ್ನು ಮೊದಲನೆಯದಾಗಿ ಮಾರ್ಪಡಿಸುವುದು ಮನಿಯಾರ್ಡರ್ ರಸೀದಿಯ ನಂಬರಿನ ತಂತ್ರ. ಮೊದಲ ಸಲ ಕಳಿಸುವ ಮುನ್ನವೇ ಆ್ಯಪ್ ಆ ಪಾವತಿಗೆಂದು, ಬೇರೆಲ್ಲೂ ಇರದ ಒಂದು ಸಂಖ್ಯೆಯನ್ನು ಹುಟ್ಟಿಸಿ ಕೋರಿಕೆಗೆ ಅಂಟಿಸುತ್ತದೆ. ಸರ್ವರ್ ಕೆಲಸ ಮಾಡಿ, ಸಂಖ್ಯೆ ಮತ್ತು ಉತ್ತರ ಎರಡನ್ನೂ ದಾಖಲಿಸಿಕೊಳ್ಳುತ್ತದೆ. ಅದೇ ಸಂಖ್ಯೆಯ ಕೋರಿಕೆ ಮತ್ತೆ ಬಂದರೆ ‘ಇದು ಆಗಿದೆ, ಇಗೋ ಅಂದಿನ ಉತ್ತರ’ ಎಂದು ಹಳೆಯ ಉತ್ತರವನ್ನೇ ಕೊಡುತ್ತದೆ; ಹಣವನ್ನು ಮತ್ತೆ ಮುಟ್ಟುವುದಿಲ್ಲ. ಈಗ ಆ್ಯಪ್ ಧೈರ್ಯವಾಗಿ ಮತ್ತೆ ಕೇಳಬಹುದು.

ಹೊಸಬರು ಎಡವುವುದು ಎರಡು ಕಡೆ. ಪ್ರತಿ ಪ್ರಯತ್ನಕ್ಕೂ ಹೊಸ ಸಂಖ್ಯೆ ಹುಟ್ಟಿಸಿದರೆ ಸರ್ವರ್ ಅದನ್ನು ಹೊಸ ಪಾವತಿ ಎಂದೇ ತಿಳಿಯುತ್ತದೆ. ಸಂಖ್ಯೆಯನ್ನು ಫೋನಿನ ಸಂಗ್ರಹದಲ್ಲಿ ಬರೆದಿಡದಿದ್ದರೆ, ನಡುವೆ ಆ್ಯಪ್ ಮುಚ್ಚಿಹೋದಾಗ ಗುರುತೇ ಅಳಿಸಿಹೋಗುತ್ತದೆ.

ಮನೆಯವರಿಗೆ, ಮಕ್ಕಳಿಗೆ

ಎಲ್ಲ ಆ್ಯಪ್‌ಗಳನ್ನೂ ಇಷ್ಟು ಮುತುವರ್ಜಿಯಿಂದ ಬರೆದಿರುತ್ತಾರೆಂದು ನಂಬುವಂತಿಲ್ಲ. ಆ್ಯಪ್‌ನಿಂದ ಹೊರಬಂದು ಮೊದಲಿನಿಂದ ಪಾವತಿ ಶುರುಮಾಡಿದರೆ ಅದು ಹೊಸ ಸಂಖ್ಯೆಯ ಹೊಸ ಪಾವತಿಯೇ ಆಗಿಬಿಡಬಹುದು. ಆದ್ದರಿಂದ ಫೀ ಕಟ್ಟುವಾಗ ಪರದೆ ಸುತ್ತುತ್ತಲೇ ಇದ್ದರೆ ಅಥವಾ ‘ಪೆಂಡಿಂಗ್’ ಎಂದರೆ ಮೊದಲು ಬ್ಯಾಂಕಿನ ಎಸ್ಸೆಮ್ಮೆಸ್ ಅಥವಾ ಖಾತೆಯ ವಿವರ ನೋಡಿ. ಯುಪಿಐ ವ್ಯವಹಾರಕ್ಕೆ 12 ಅಂಕಿಯ ಉಲ್ಲೇಖ ಸಂಖ್ಯೆ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಕಾಲೇಜಿನಲ್ಲಾಗಲಿ ಬ್ಯಾಂಕಿನಲ್ಲಾಗಲಿ ವಿಚಾರಿಸಲು ಅದೇ ರಸೀದಿ ನಂಬರು. ಕೊನೆಯ ದಿನದ ಕೊನೆಯ ಗಂಟೆಗೆ ಕಾಯದಿದ್ದರೆ ಹೀಗೆ ವಿಚಾರಿಸಲು ಸಮಯವೂ ಸಿಗುತ್ತದೆ.

ಹಣ ಕಡಿತವಾಗಿ ಎದುರಿನವರಿಗೆ ತಲುಪದಿದ್ದರೆ ಅದು ತಾನಾಗಿ ಮರಳಬೇಕೆಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ವಿಧಿಸಿದೆ. ಯುಪಿಐನಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಹಣವಾದರೆ ವ್ಯವಹಾರದ ಮರುದಿನದೊಳಗೆ, ವ್ಯಾಪಾರಿ ಖಾತೆಗೆ ಮಾಡಿದ ಪಾವತಿಯಾದರೆ 5 ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು ಗೊತ್ತಿಲ್ಲದೆ ಗಾಬರಿಯಾಗಿ, ಇಂಟರ್ನೆಟ್ಟಿನಲ್ಲಿ ಸಿಕ್ಕ ಯಾವುದೋ ‘ಕಸ್ಟಮರ್ ಕೇರ್’ ನಂಬರಿಗೆ ಫೋನ್ ಮಾಡಿ ಮೋಸ ಹೋಗುವವರಿದ್ದಾರೆ. ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ ಎಂಬುದು ನೆನಪಿರಲಿ.

ಇನ್ನು ಕಾಲೇಜಿನ ಪ್ರಾಜೆಕ್ಟಿಗೆಂದು ಆ್ಯಪ್ ಬರೆಯುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಸಣ್ಣ ಪರೀಕ್ಷೆ. ಪ್ರಯೋಗಾಲಯದ ವೈಫೈ ಬಳಿ ಕುಳಿತಾಗ ಎಲ್ಲ ಆ್ಯಪ್‌ಗಳೂ ಚೆನ್ನಾಗಿಯೇ ಓಡುತ್ತವೆ. ‘ಕಳಿಸು’ ಗುಂಡಿ ಒತ್ತಿದ ಮರುಕ್ಷಣ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ನೋಡಿ. ಎರಡು ನಿಮಿಷ ಬಿಟ್ಟು ಸಂಪರ್ಕ ಕೊಡಿ. ನಂತರ ಸರ್ವರಿನ ದಾಖಲೆಯಲ್ಲಿ ಎಷ್ಟು ನಮೂದುಗಳಿವೆ ಎಣಿಸಿ. ಒಂದೂ ಇಲ್ಲದಿದ್ದರೆ ಆ್ಯಪ್ ಬೇಗ ಕೈಬಿಟ್ಟಿದೆ. ಎರಡೋ ಮೂರೋ ಇದ್ದರೆ ಅದಕ್ಕೆ ರಸೀದಿ ನಂಬರಿನ ಪಾಠ ಆಗಿಲ್ಲ. ಸರಿಯಾಗಿ ಒಂದೇ ಇದ್ದರೆ, ಆಗ ಗುಂಡಿ ಒತ್ತುವ ಅಪ್ಪ-ಅಮ್ಮಂದಿರ ದುಡ್ಡನ್ನು ಅದರ ಕೈಗೆ ಕೊಡಬಹುದು.